ಠಾಣೆಯ ಶಾಂತಿ ಸಭೆಗೆ ಊರಿನ ಹುಡುಗರನ್ನು ಕರೆದುಕೊಂಡು ಹೋಗುವುದು ಹೇಗೆ?

ಅರಿವು ಕೇಂದ್ರದ ಅಕ್ಕ, ಮಂಡ್ಯ ತಾಲ್ಲೂಕು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. 14 ವರ್ಷಗಳಿಂದ ಇದೇ ಕೆಲಸ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಬರುವ ಊರು ನಮ್ಮದು. ಭತ್ತ, ಕಬ್ಬು, ಮನೆಗೊಂದು ಹಸು, ಬೆಳಿಗ್ಗೆ ಸಂಜೆ ಡೇರಿ. ಊರಿನ ಹೆಸರು ಬರೆಯುವುದಿಲ್ಲ. ನಾನು ಹೇಳಲಿರುವ ಹುಡುಗರೆಲ್ಲ ಇನ್ನೂ ಕೆಲಸಕ್ಕೆ ಅರ್ಜಿ ಹಾಕುತ್ತಿರುವವರು.

ಕಳೆದ ಏಪ್ರಿಲ್‌ನಲ್ಲಿ ಜಯಂತಿಗೆಂದು ಜನತಾ ಕಾಲೊನಿಯ ಹುಡುಗರು ಬಸ್ ನಿಲ್ದಾಣದ ಪಕ್ಕ ಕಟ್ಟಿದ್ದ ಫ್ಲೆಕ್ಸ್ ಬೆಳಗಾಗುವಷ್ಟರಲ್ಲಿ ಹರಿದು ಜೋತುಬಿದ್ದಿತ್ತು. ಗಾಳಿಗೆ ಹರಿಯಿತೋ, ಯಾರಾದರೂ ಕೈಯಾರೆ ಹರಿದರೋ, ಇವತ್ತಿಗೂ ಗೊತ್ತಾಗಿಲ್ಲ. ಮೇಲಿನ ಬೀದಿಯ ಒಬ್ಬ ಹುಡುಗ ಅದರ ಚಿತ್ರವನ್ನು ಮೊಬೈಲ್ ಸ್ಟೇಟಸ್‌ಗೆ ಹಾಕಿ, ಕೆಳಗೆ ಒಂದು ನಗುವ ಮುಖ ಇಟ್ಟ. ಅಷ್ಟೇ ಸಾಕಾಯಿತು. ಸಂಜೆ ಡೇರಿಯ ಮುಂದೆ ಕೈ ಕೈ ಮಿಲಾಯಿಸಿ, ಕಲ್ಲು ಬಿದ್ದು, ಒಬ್ಬನ ಹುಬ್ಬಿಗೆ ಎಂಟು ಹೊಲಿಗೆ, ಇನ್ನೊಬ್ಬನ ಮುಂಗೈ ಮೂಳೆ ಬಿರುಕು. ಇದರಲ್ಲಿ ಜಾತಿಯ ಮಾತಿಲ್ಲ ಎಂದು ನಮ್ಮೂರಿನ ಹಿರಿಯರು ಹೇಳುತ್ತಾರೆ. ಇದೆ. ಇಲ್ಲವೆಂದು ಬರೆದರೆ ನಾನು ಸುಳ್ಳು ಬರೆದಂತೆ.

ಮೂರನೆಯ ದಿನ ಅರಳಿಕಟ್ಟೆಯಲ್ಲಿ ರಾಜಿ ಪಂಚಾಯಿತಿ ಸೇರಿತು. ನಾನು ನೀರಿನ ಟ್ಯಾಂಕಿನ ಬಳಿ ನಿಂತು ನೋಡುತ್ತಿದ್ದೆ. ಒಂದೂವರೆ ಗಂಟೆ ಯಜಮಾನರು ಮಾತನಾಡಿದರು, ಅಪ್ಪಂದಿರು ಮಾತನಾಡಿದರು. ಹುಡುಗರು ಬಾಯಿ ಬಿಟ್ಟದ್ದು ಒಂದೇ ಸಲ, ‘ಇನ್ನು ಮಾಡುವುದಿಲ್ಲ’ ಎನ್ನಲು. ಎರಡೂ ಕಡೆಯವರಿಂದ ದಂಡ ಕಟ್ಟಿಸಿದರು, ಆಸ್ಪತ್ರೆಯ ಖರ್ಚು ಹಂಚಿದರು, ಕೈ ಕುಲುಕಿಸಿದರು, ಎದ್ದರು. ಯಾಕೆ ಹೊಡೆದೆ ಎಂದು ಯಾರೂ ಕೇಳಲಿಲ್ಲ. ನಿನಗೆ ಏನನ್ನಿಸಿತು ಎಂದಂತೂ ಕೇಳಲೇ ಇಲ್ಲ.

ಅಂದಿನಿಂದ ನನ್ನ ಗ್ರಂಥಾಲಯ ಎರಡಾಗಿದೆ. ಕಾಲೊನಿಯ ಹುಡುಗರು ಬೆಳಿಗ್ಗೆ ಬಂದು ಹೋಗುತ್ತಾರೆ, ಮೇಲಿನ ಬೀದಿಯವರು ಸಂಜೆ ಬರುತ್ತಾರೆ. ಹಾಗೆಂದು ಯಾರೂ ಮಾತನಾಡಿಕೊಂಡಿಲ್ಲ, ತಾನಾಗಿಯೇ ಹಾಗಾಯಿತು. ಓದುವುದು ಮಾತ್ರ ಒಂದೇ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಗಣಿತದ ಗೈಡ್ ನಮ್ಮಲ್ಲಿ ಒಂದೇ ಪ್ರತಿ ಇದೆ. ಮೊನ್ನೆ ಅದರ ರಟ್ಟು ಅಂಟಿಸಲು ಕುಳಿತಾಗ ಕಾಲ ಮತ್ತು ಕೆಲಸದ ಅಧ್ಯಾಯ ಕಣ್ಣಿಗೆ ಬಿತ್ತು. ಒಬ್ಬನು 12 ದಿನದಲ್ಲಿ, ಮತ್ತೊಬ್ಬನು 18 ದಿನದಲ್ಲಿ ಮುಗಿಸುವ ಕೆಲಸವನ್ನು ಇಬ್ಬರೂ ಸೇರಿದರೆ ಎಷ್ಟು ದಿನ ಎಂಬ ಲೆಕ್ಕ. ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ 30 ಎಂದು ಬರೆದು ಹೊಡೆದುಹಾಕಿದ್ದಾನೆ. ಅದರ ಕೆಳಗೆ ಬೇರೆ ಕೈಬರಹ: ‘ದಿನ ಕೂಡಬೇಡ, ಒಂದು ದಿನದ ಕೆಲಸ ಕೂಡು.’ ಅದರ ಕೆಳಗೆ ಮೊದಲನೆಯ ಕೈಯಲ್ಲೇ ಪೂರ್ತಿ ಲೆಕ್ಕ, ಉತ್ತರ 7.2, ಪಕ್ಕದಲ್ಲಿ ‘ಸರಿ ಬಂತು’. ಹಾಜರಿ ಪುಸ್ತಕದಲ್ಲಿ ದಿನವೂ ಸಹಿ ನೋಡುವವಳಾದ್ದರಿಂದ ಎರಡೂ ಕೈಬರಹ ನನಗೆ ಗೊತ್ತು. ಒಂದು ಬೆಳಗಿನದು, ಒಂದು ಸಂಜೆಯದು. ಅವರಿಬ್ಬರಿಗೆ ಮಾತ್ರ ಗೊತ್ತಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈಗ ಗಣೇಶನ ಹಬ್ಬ ಬರುತ್ತಿದೆ. ಊರಿಗೆ ಒಂದೇ ಇದ್ದ ಗಣಪತಿ ಈ ಸಲ ಎರಡು. ಎರಡನ್ನೂ ಐದನೆಯ ದಿನವೇ ಬಿಡಬೇಕಂತೆ, ಅದೇ ಕೆರೆಗೆ, ಅದೇ ದಾರಿಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಜಿಲ್ಲೆಯ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದದ್ದನ್ನು ಯಾರೂ ಮರೆತಿಲ್ಲ. ಅಲ್ಲಿಯ ಕಾರಣ ಬೇರೆ, ನಮ್ಮದು ಬೇರೆ. ತಾಯಂದಿರ ಭಯ ಮಾತ್ರ ಒಂದೇ.

ಹಬ್ಬಕ್ಕೆ ಮೊದಲು ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಹೋದ ವರ್ಷ ಪಂಚಾಯಿತಿಯ ಪರವಾಗಿ ನಾನೂ ಹೋಗಿದ್ದೆ. ಮೂವತ್ತು ಕುರ್ಚಿಗಳಲ್ಲಿ ಕುಳಿತವರಲ್ಲಿ ನಾನೇ ಚಿಕ್ಕವಳು, ನನಗೆ 43. ‘ನಿಮ್ಮ ನಿಮ್ಮ ಹುಡುಗರನ್ನು ಹದ್ದುಬಸ್ತಿನಲ್ಲಿಡಿ’ ಎಂದರು, ಎಲ್ಲರೂ ತಲೆಯಾಡಿಸಿದರು, ಟೀ ಕುಡಿದೆವು. ಚಂದಾ ಎತ್ತುವವರು, ಚಪ್ಪರ ಹಾಕುವವರು, ಗಣಪತಿ ಹೊರುವವರು, ರಾತ್ರಿ ಕಾವಲು ಮಲಗುವವರು ಆ ಹುಡುಗರೇ. ಅವರ ಬಗ್ಗೆ ನಡೆದ ಸಭೆಯಲ್ಲಿ ಅವರಿಲ್ಲ.

ಅವರನ್ನು ಆ ಕುರ್ಚಿಯಲ್ಲಿ ಕೂರಿಸುವುದು ಹೇಗೆ? ಅದಕ್ಕೂ ಮೊದಲು ಅವರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಹೇಗೆ? ನನ್ನ ಬಳಿ ಇರುವುದು ಒಂದು ಕೊಠಡಿ, ಎರಡು ಕಂಪ್ಯೂಟರ್, ಒಂದು ಕೇರಂ ಬೋರ್ಡ್. ಶಾಂತಿ ಶಿಕ್ಷಣದ ತರಬೇತಿ ಕೈಪಿಡಿಗಳನ್ನು ಕೆಲವು ಓದಿದೆ. ಅವುಗಳಲ್ಲಿನ ಉದಾಹರಣೆಗಳು ನಮ್ಮ ಡೇರಿಯ ಮುಂದಿನ ಜಗಳಕ್ಕೆ ತಾಗಲಿಲ್ಲ. ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ನಿವೃತ್ತ ಮೇಷ್ಟ್ರು, ಮೈಸೂರು

ತಂಗಿ, ನಿಮ್ಮ ಪೆನ್ಸಿಲ್ ಲೆಕ್ಕವನ್ನು ಮನೆಯವರಿಗೆಲ್ಲ ಓದಿ ಹೇಳಿದೆ. 33 ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು ನಾನು. ಕಾಲೇಜಿನಲ್ಲಿದ್ದಾಗ ಎಸ್.ಎನ್. ಸುಬ್ಬರಾವ್ ಅವರ ಶಿಬಿರವೊಂದಕ್ಕೆ ಹೋಗಿದ್ದೆ. ಈಗಿನವರಿಗೆ ಅವರ ಹೆಸರು ಗೊತ್ತಿಲ್ಲದಿರಬಹುದು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡಿಗರು. ಚಂಬಲ್ ಕಣಿವೆಗೆ ಹೋಗಿ ನೆಲೆಸಿದರು. 1972ರ ಏಪ್ರಿಲ್‌ನಲ್ಲಿ ಜೌರಾದಲ್ಲಿ ಡಕಾಯಿತರು ಜಯಪ್ರಕಾಶ್ ನಾರಾಯಣ್ ಅವರ ಮುಂದೆ ಬಂದೂಕು ಒಪ್ಪಿಸಿದರಲ್ಲ, ಅದರ ಹಿಂದೆ ಇವರ ವರ್ಷಗಟ್ಟಲೆಯ ದುಡಿಮೆ ಇತ್ತು. 2021ರಲ್ಲಿ ತೀರಿಕೊಳ್ಳುವವರೆಗೂ ಖಾಕಿ ಚಡ್ಡಿ, ಬಿಳಿ ಖಾದಿ ಅಂಗಿ ತೊಟ್ಟು ಊರೂರಿನಲ್ಲಿ ಯುವಜನರ ಶಿಬಿರ ನಡೆಸಿದರು.

ಶಿಬಿರದಲ್ಲಿ ನನ್ನ ಜೊತೆಗೆ ಹಾಕಿದ್ದು ಪಂಜಾಬಿನ ಒಬ್ಬ ಹುಡುಗನನ್ನು. ನನಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವನು ಅಗೆಯಬೇಕು, ನಾನು ಬಾಂಡಲಿಯಲ್ಲಿ ಮಣ್ಣು ಹೊರಬೇಕು. ಮೊದಲನೆಯ ದಿನ ಅನ್ನಕ್ಕೂ ರೊಟ್ಟಿಗೂ ಜಗಳ. ಮೂರನೆಯ ದಿನ ನನ್ನ ಅಂಗೈ ಬೊಬ್ಬೆ ಒಡೆದಾಗ ಅವನು ತನ್ನ ಪೇಟದ ಬಟ್ಟೆಯ ಅಂಚನ್ನು ಹರಿದು ಕಟ್ಟಿದ. ಆ ಮೇಲೆ ಯಾರೂ ನಮಗೆ ಭಾವೈಕ್ಯದ ಭಾಷಣ ಮಾಡಬೇಕಾಗಲಿಲ್ಲ.

ಆದ್ದರಿಂದ ನನ್ನ ಸಲಹೆ, ಮಾತಿಗಿಂತ ಮೊದಲು ಕೆಲಸ. ಗಣಪತಿ ಬಿಡುವ ಕೆರೆಯ ಸೋಪಾನದಲ್ಲಿ ಹೂಳು ಇದ್ದೇ ಇರುತ್ತದೆ. ಎರಡು ಕಡೆಯವರನ್ನೂ ಕರೆದು ಒಂದು ಭಾನುವಾರ ತೆಗೆಸಿ. ಜಗಳದ ಮಾತು ಎತ್ತಲೇಬೇಡಿ. ಎನ್‌ಸಿಇಆರ್‌ಟಿಯವರು 2005ರ ರಾಷ್ಟ್ರೀಯ ಶಾಲಾ ಪಠ್ಯಕ್ರಮದ ಚೌಕಟ್ಟು ರೂಪಿಸಿದಾಗ ಶಾಂತಿಗಾಗಿ ಶಿಕ್ಷಣ ಎಂದೇ ಒಂದು ತಜ್ಞರ ತಂಡ ಮಾಡಿದ್ದರು. ಶಾಂತಿಯನ್ನು ಮತ್ತೊಂದು ವಿಷಯವಾಗಿ ಸೇರಿಸಿ ಮಕ್ಕಳ ಹೊರೆ ಹೆಚ್ಚಿಸಬೇಡಿ, ಇರುವ ಪಾಠ, ಆಟ, ಕೆಲಸಗಳಲ್ಲೇ ಅದು ಬೆರೆಯಬೇಕು ಎಂಬುದು ಅವರ ನಿಲುವು. ಅದು ನನ್ನ ಅನುಭವಕ್ಕೂ ಸರಿಹೊಂದುತ್ತದೆ.

ಇನ್ನೊಂದು ಮಾತು. ಮೈಸೂರಿನ ಹತ್ತಿರದ ಯಲವಾಲದಲ್ಲಿ 1957ರ ಸೆಪ್ಟೆಂಬರ್‌ನಲ್ಲಿ ಊರಿನ ಜಮೀನನ್ನು ಊರಿಗೇ ಒಪ್ಪಿಸುವ ಗ್ರಾಮದಾನದ ಸಮ್ಮೇಳನ ನಡೆಯಿತು, ವಿನೋಬಾ ಇದ್ದರು, ನೆಹರೂ ಬಂದಿದ್ದರು. ನಮ್ಮ ತಂದೆ ಸೈಕಲ್ ತುಳಿದುಕೊಂಡು ಹೋಗಿ ನೋಡಿ ಬಂದಿದ್ದರು. ಅದೇ ವರ್ಷ ವಿನೋಬಾ ಶಾಂತಿ ಸೇನೆಗೆ ರೂಪ ಕೊಟ್ಟರು. 5,000 ಜನಕ್ಕೆ ಒಬ್ಬ ಶಾಂತಿ ಸೈನಿಕ ಇರಬೇಕು, ಅವನು ಮಾಮೂಲಿ ದಿನಗಳಲ್ಲಿ ಆ ಜನರ ಕಷ್ಟಸುಖಕ್ಕೆ ಆಗುತ್ತಿರಬೇಕು, ಆಗ ಮಾತ್ರ ಗಲಾಟೆಯ ದಿನ ಜನ ಅವನ ಮಾತು ಕೇಳುತ್ತಾರೆ ಎಂಬ ಯೋಚನೆ ಅದು. ನಿಮ್ಮೂರಿನಲ್ಲಿ ಆ ಜಾಗದಲ್ಲಿ ಈಗ ನೀವಿದ್ದೀರಿ, ತಂಗಿ.

ಮಳವಳ್ಳಿ ಕಡೆಯ ಹುಡುಗಿ, ಈಗ ಮೈಸೂರಿನಲ್ಲಿ ಕಾನೂನು ವಿದ್ಯಾರ್ಥಿನಿ

ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ನನಗೆ ಒಪ್ಪಿಗೆಯಿಲ್ಲ. ನಾನು ಅಂಥದೇ ಒಂದು ಕಾಲೊನಿಯಲ್ಲಿ ಬೆಳೆದವಳು. ನಮ್ಮೂರಿನಲ್ಲೂ ಹೀಗೆಯೇ ಜಗಳವಾಗಿ, ಎಲ್ಲರೂ ಒಂದಾಗಲಿ ಎಂದು ಶ್ರಮದಾನ ಇಟ್ಟರು. ಊರಿನ ಹುಡುಗರಿಗೆ ದೇವಸ್ಥಾನದ ಕಮಾನಿಗೆ ಬಣ್ಣ ಬಳಿಯುವ ಕೆಲಸ ಬಂತು. ನಮ್ಮ ಅಣ್ಣಂದಿರಿಗೆ ಚರಂಡಿ ಬಂತು. ಯಾರೂ ಬೇಕೆಂದು ಹಾಗೆ ಹಂಚಲಿಲ್ಲ, ಆದರೆ ಹಾಗೆಯೇ ಹಂಚಿಹೋಯಿತು. ಮಧ್ಯಾಹ್ನ ಎಲ್ಲರೂ ಸಾಲಾಗಿ ಕುಳಿತು ಊಟ ಮಾಡಿದ ಚಿತ್ರ ಪತ್ರಿಕೆಯಲ್ಲಿ ಬಂತು. ನನ್ನ ಅಣ್ಣ ಅಂದು ಉಣ್ಣದೆ ಮನೆಗೆ ಬಂದು ಕೈ ತೊಳೆಯುತ್ತಲೇ ನಿಂತಿದ್ದ. ಅದು ಆ ಚಿತ್ರದಲ್ಲಿಲ್ಲ.

ಅಕ್ಕ, ಶಾಂತಿಯಾಗಿರಿ ಎಂದರೆ ನಮಗೆ ಸುಮ್ಮನಿರಿ ಎಂದು ಕೇಳಿಸುತ್ತದೆ. ನಾರ್ವೆಯ ಯೋಹಾನ್ ಗಾಲ್ಟುಂಗ್ ಎಂಬ ವಿದ್ವಾಂಸರು ಶಾಂತಿಯನ್ನು ಎರಡಾಗಿ ಬಿಡಿಸಿ ನೋಡಿದರು. ಹೊಡೆದಾಟ ನಿಂತಿದೆ, ಅಷ್ಟೇ, ಅದೊಂದು ಶಾಂತಿ. ಹೊಡೆದಾಟಕ್ಕೆ ಕಾರಣವಾದ ಅನ್ಯಾಯವೂ ಹೋಗಿದೆ, ಅದು ಇನ್ನೊಂದು. ನಿಮ್ಮ ಅರಳಿಕಟ್ಟೆಯಲ್ಲಿ ಸಿಕ್ಕಿದ್ದು ಮೊದಲನೆಯದು. ಆ ಫ್ಲೆಕ್ಸ್ ಹರಿದದ್ದು ಕಾಲೊನಿಯ ಹುಡುಗರಿಗೆ ಹೇಗೆ ಕಂಡಿತು ಎಂದು ಮೊದಲು ಕೇಳಿ. ಕೇಳದೆ ಯಾವ ಹೂಳನ್ನೂ ತೆಗೆಸಬೇಡಿ.

ಯುವಜನರನ್ನು ಸಭೆಗೆ ಕರೆಯಿರಿ ಎಂದು ಕೇಳುವುದಕ್ಕೆ ನಿಮಗೆ ಆಧಾರವೂ ಇದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್ 9ರಂದು 2250ನೇ ನಿರ್ಣಯ ಅಂಗೀಕರಿಸಿತು. ಜೋರ್ಡಾನ್ ದೇಶ ಮುಂದೆ ನಿಂತು ತಂದದ್ದು. 18ರಿಂದ 29 ವರ್ಷದವರನ್ನು ಯುವಜನರೆಂದು ಎಣಿಸಿ, ಶಾಂತಿ ಕಟ್ಟುವ ಕೆಲಸದ ಎಲ್ಲ ಹಂತದ ತೀರ್ಮಾನಗಳಲ್ಲೂ ಅವರಿಗೆ ಪಾಲಿರಬೇಕು ಎಂದು ಅದು ಹೇಳುತ್ತದೆ. ಆ ನಿರ್ಣಯದ ಮೇರೆಗೆ ನಡೆದ ಅಧ್ಯಯನ 2018ರಲ್ಲಿ ಬಂತು. ಯುವಜನರಲ್ಲಿ ಬಹುಪಾಲು ಜನ ಹಿಂಸೆಗೆ ಕೈ ಹಾಕುವವರೇ ಅಲ್ಲ, ಆದರೂ ಸರ್ಕಾರಗಳು ಅವರನ್ನು ಅಪಾಯವೆಂದೇ ನೋಡುತ್ತವೆ ಎಂಬುದು ಅದರ ಮುಖ್ಯ ಮಾತು. ನ್ಯೂಯಾರ್ಕಿನ ಮಾತು ನಮ್ಮ ಠಾಣೆಗೆ ಏಕೆ ಎನ್ನಬೇಡಿ. ನಿಮ್ಮ ಮೂವತ್ತು ಕುರ್ಚಿಗಳ ಸಭೆಯೇ ಅದು.

ಇನ್ನು ಫ್ಲೆಕ್ಸ್. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನು ನಿಷೇಧಿಸಿದೆ. ನಿಲ್ದಾಣದ ಆ ಜಾಗ ಯಾರದು, ಯಾವ ದಿನ ಯಾರಿಗೆ ಎಂದು ಪಂಚಾಯಿತಿ ತೀರ್ಮಾನಿಸದೆ ಇರುವುದೇ ಅರ್ಧ ಜಗಳ.

ಕೊನೆಯದಾಗಿ ಒಂದು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅದರ ತುಂಬ ಹುಡುಗರು. ಹುಡುಗಿಯರು ಎಲ್ಲಿ? ಯಾರ ಸ್ಟೇಟಸ್ ಯಾರ ಮೊಬೈಲ್‌ಗೆ ಹೋಯಿತು, ಯಾರು ಸಂಜೆಯೊಳಗೆ ಕಲ್ಲು ಕೂಡಿಟ್ಟರು, ಇದೆಲ್ಲ ಗಂಡಸರಿಗಿಂತ ಮೊದಲು ಮನೆಯ ಹುಡುಗಿಯರಿಗೆ ಗೊತ್ತಿರುತ್ತದೆ.

ಅರಿವು ಕೇಂದ್ರದ ಅಕ್ಕ

ತಂಗಿ, ನೀನು ಕೇಳಿದ್ದು ನನಗೆ ನಾಟಿತು. ನಾನೂ ಹೆಣ್ಣಾಗಿ ಹುಡುಗರು ಹುಡುಗರು ಎಂದೇ ಬರೆದಿದ್ದೇನೆ. ನಾಲ್ಕು ಗಂಟೆಯ ಕಾಲೇಜು ಬಸ್ಸಿನಲ್ಲಿ ಇಳಿದು, ಪುಸ್ತಕ ಬದಲಾಯಿಸಿ, ಕತ್ತಲಾಗುವ ಮೊದಲು ಮನೆ ಸೇರುವ ಆರೇಳು ಹುಡುಗಿಯರು ನನ್ನ ಕಣ್ಣ ಮುಂದೆಯೇ ಇದ್ದಾರೆ. ಅವರನ್ನು ಕರೆಯುತ್ತೇನೆ. ನನ್ನ ಭಯ ಒಂದೇ. ನೋವಿನ ಮಾತು ಎತ್ತಿದರೆ ಮತ್ತೆ ಕೂಗಾಟ ಶುರುವಾದರೆ ಆ ಪುಟ್ಟ ಕೋಣೆಯಲ್ಲಿ ನಾನೊಬ್ಬಳು ಏನು ಮಾಡಲಿ?

ನಿವೃತ್ತ ಮೇಷ್ಟ್ರು, ಮೈಸೂರು

ಮಗಳೇ, ಚರಂಡಿಯ ಮಾತು ಓದಿ ಸುಮ್ಮನೆ ಕುಳಿತುಬಿಟ್ಟೆ. ನಾನು ನಡೆಸಿದ ಎನ್‌ಎಸ್‌ಎಸ್ ಶಿಬಿರಗಳಲ್ಲಿ ಯಾರಿಗೆ ಯಾವ ಕೆಲಸ ಹಂಚಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ, ಕೆಲವು ನೆನಪಾಗುತ್ತಲೂ ಇವೆ. ನಿನ್ನ ಮಾತು ಸರಿ. ಕೆಲಸ ಹಂಚುವುದಾದರೆ ಚೀಟಿ ಎತ್ತಿಯೇ ಹಂಚಬೇಕು.

ಕೂಗಾಟದ ಭಯಕ್ಕೆ, ತಂಗಿ, ಒಂದು ಉಪಾಯ ಇದೆ, ನಾನು ತರಗತಿಯಲ್ಲಿ ಮಾಡುತ್ತಿದ್ದೆ. ಕುರ್ಚಿ ತೆಗೆದು ಎಲ್ಲರೂ ಚಾಪೆಯ ಮೇಲೆ ಸುತ್ತ ಕುಳಿತುಕೊಳ್ಳಿ. ಒಂದು ವಸ್ತು ಕೈಯಿಂದ ಕೈಗೆ ಹೋಗಲಿ. ಅದು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತು. ಮಾತು ಬೇಡವೆಂದರೆ ಮುಂದಕ್ಕೆ ಕೊಡಬಹುದು. ಎದುರಿನವನ ಮಾತಿಗೆ ಉತ್ತರ ಕೊಡುವಂತಿಲ್ಲ, ತನ್ನದನ್ನು ಹೇಳಬಹುದು. ಮೊದಲ ಸುತ್ತಿನಲ್ಲಿ ಬಹಳ ಜನ ಮುಂದಕ್ಕೇ ಕೊಡುತ್ತಾರೆ. ಕೊಡಲಿ ಬಿಡಿ. ಎರಡನೆಯ ಸುತ್ತಿಗೆ ಕಾಯಿರಿ.

ನಾಲೆ ಬಯಲಿನ ರೈತ, ಪಾಂಡವಪುರ

ನಾನು ಎರಡು ಎಕರೆ ಕಬ್ಬು, ಒಂದು ಎಕರೆ ಭತ್ತ ಮಾಡುವವನು. 2016ರ ಸೆಪ್ಟೆಂಬರ್ 12ರಂದು ನನಗೆ 23 ವರ್ಷ. ಕಾವೇರಿ ನೀರು ಬಿಡಬೇಕೆಂಬ ಆದೇಶದ ಮೇಲೆ ಬೆಂಗಳೂರು ಹೊತ್ತಿ ಉರಿಯಿತಲ್ಲ, ಅದೇ ದಿನ. ಹೆದ್ದಾರಿಯಲ್ಲಿ ನಮ್ಮ ಗುಂಪು ತಮಿಳುನಾಡಿನ ನೋಂದಣಿಯ ಲಾರಿಯೊಂದನ್ನು ತಡೆಯಿತು. ಚಾಲಕ ಇಳಿದು ಓಡಲು ಹೋಗಿ, ಓಡಲಾಗದೆ ಲಾರಿಯ ಕೆಳಗೇ ನುಸುಳಿದ. ಅವನ ಒಂದು ಚಪ್ಪಲಿ ರಸ್ತೆಯ ಮಧ್ಯೆ ಉಳಿಯಿತು. ಹಿಮ್ಮಡಿ ಸವೆದು ತೂತಾದ ರಬ್ಬರ್ ಚಪ್ಪಲಿ, ನಮ್ಮಪ್ಪ ಗದ್ದೆಗೆ ಹಾಕಿಕೊಂಡು ಹೋಗುವಂಥದ್ದೇ. ಯಾರೋ ಗಾಜು ಒಡೆದರು. ನಾನು ಕಲ್ಲು ಎತ್ತಲಿಲ್ಲ, ತಡೆಯಲೂ ಇಲ್ಲ. ಆ ಚಪ್ಪಲಿಯನ್ನು ಅವನ ಕಡೆಗೆ ಕಾಲಿನಿಂದ ನೂಕಿದೆ, ಅಷ್ಟೇ. ಇವತ್ತಿಗೂ ಅದನ್ನು ಕೈಯಲ್ಲಿ ಎತ್ತಿ ಕೊಡಬೇಕಿತ್ತು ಎನ್ನಿಸುತ್ತದೆ.

ಆಗ ನನಗೆ ನೀರಿನ ಲೆಕ್ಕ ಒಂದೂ ಗೊತ್ತಿರಲಿಲ್ಲ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂದು ಗೊತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿ ಎಂಬುದೊಂದು ಬಾಯಿಪಾಠ ಇತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ನಮಗೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟು, ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ್ದನ್ನು 177.25ಕ್ಕೆ ಇಳಿಸಿದಾಗ ಕುಳಿತು ಓದಿದೆ. ಓದುತ್ತ ಹೋದಾಗ ಇನ್ನೊಂದು ವಿಷಯ ಸಿಕ್ಕಿತು. 2003ರಲ್ಲಿ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ನೆರವಿನಿಂದ ಎರಡೂ ರಾಜ್ಯದ ರೈತರು ಸೇರಿ ಕಾವೇರಿ ಕುಟುಂಬ ಎಂದು ಮಾಡಿಕೊಂಡಿದ್ದರಂತೆ. ಅವರು ನಮ್ಮ ಗದ್ದೆಗೆ ಬಂದು ನೋಡಿದರು, ನಮ್ಮವರು ಅವರ ಬಯಲಿಗೆ ಹೋಗಿ ಒಣಗಿದ ಪೈರು ನೋಡಿದರು. ಇಷ್ಟು ದೊಡ್ಡ ಕೆಲಸ ನಮ್ಮ ಜಿಲ್ಲೆಯ ರೈತರೂ ಸೇರಿ ನಡೆಸಿದ್ದರೂ, ಹದಿಮೂರು ವರ್ಷದ ನಂತರ ಹೆದ್ದಾರಿಯಲ್ಲಿ ನಿಂತಿದ್ದ ನಮ್ಮ ಗುಂಪಿನ ಒಬ್ಬನಿಗೂ ಅದರ ಹೆಸರು ಗೊತ್ತಿರಲಿಲ್ಲ. ಅದರಲ್ಲಿ ಇದ್ದವರು ಹೆಚ್ಚಿನಂಶ ಹಿರಿಯ ಮುಖಂಡರು. ಅವರು ಕಂಡದ್ದು ಅವರ ಮಕ್ಕಳಿಗೆ ದಾಟಲಿಲ್ಲ. ನನಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದೂ ಕಾಣುವುದಿಲ್ಲ.

ಆದ್ದರಿಂದ ಅಕ್ಕ, ಮೇಷ್ಟ್ರು ಹೇಳಿದ್ದೂ ಬೇಕು, ಆ ತಂಗಿ ಹೇಳಿದ್ದೂ ಬೇಕು. ಜೊತೆಗೆ ಲೆಕ್ಕವೂ ಬೇಕು. ಏನು ನಡೆಯಿತು ಎಂಬ ಸಂಗತಿಯನ್ನು ಎರಡೂ ಕಡೆಯವರೇ ಕೂಡಿ ಬರೆಯಲಿ. ಎಷ್ಟು ಗಂಟೆಗೆ ಯಾರು ಎಲ್ಲಿದ್ದರು, ಆ ರಾತ್ರಿ ಗಾಳಿ ಮಳೆ ಇತ್ತೇ, ಸ್ಟೇಟಸ್ ಎಷ್ಟು ಗಂಟೆಗೆ ಬಂತು. ಒಪ್ಪದಿರುವುದನ್ನು ಒಪ್ಪಿಲ್ಲ ಎಂದೇ ಬರೆಯಲಿ. ಸುಳ್ಳು ಸುದ್ದಿಗೆ ಜಾಗ ಸಿಗುವುದು ಸಂಗತಿ ಗೊತ್ತಿಲ್ಲದ ಕಡೆ.

ನಿವೃತ್ತ ಮುಖ್ಯ ಪೇದೆ

31 ವರ್ಷ ಇಲಾಖೆಯಲ್ಲಿದ್ದವನು. ಎಷ್ಟೋ ಶಾಂತಿ ಸಭೆಗಳಿಗೆ ಕುರ್ಚಿ ಹಾಕಿಸಿದ್ದೇನೆ. ಇಂಥವರೇ ಬರಬೇಕು ಎಂಬ ನಿಯಮ ನಾನಂತೂ ಕಂಡಿಲ್ಲ. ಊರಿಗೆ ಇಬ್ಬರನ್ನು ಕರೆಯಿರಿ ಎಂದರೆ ಬೀಟಿನವರು ತಮಗೆ ಗೊತ್ತಿರುವ ಹಿರಿಯರ ಹೆಸರು ಬರೆಯುತ್ತಾರೆ, ಅಷ್ಟೇ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಕಡೆಯಿಂದ ಒಂದು ಪತ್ರ ಹೋಗಲಿ, ಇಂತಿಷ್ಟು ಯುವಕ ಯುವತಿಯರು ಬರುತ್ತಾರೆ ಎಂದು. ಬೇಡ ಎನ್ನುವ ಅಧಿಕಾರಿ ಕಡಿಮೆ.

ಹುಡುಗರಿಗೆ ಠಾಣೆ ಎಂದರೆ ಮುಚ್ಚಳಿಕೆಯ ಭಯ. ಜನ ಈಗಲೂ ಅದನ್ನು 107 ಎನ್ನುತ್ತಾರೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ. 2024ರ ಜುಲೈ 1ರಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ. ಶಾಂತಿ ಕಾಪಾಡುತ್ತೇನೆಂದು ಒಂದು ವರ್ಷದವರೆಗೆ ಬರೆಸಿಕೊಳ್ಳಬಹುದು, ಅದೂ ಕಾರ್ಯನಿರ್ವಾಹಕ ದಂಡಾಧಿಕಾರಿಯ ಮುಂದೆ, ನೋಟಿಸ್ ಕೊಟ್ಟು. ಸಭೆಗೆ ಬಂದು ಕುಳಿತವನ ಮೇಲೆ ಯಾರೂ ಅದನ್ನು ಹಾಕುವುದಿಲ್ಲ ಎಂದು ತಿಳಿಸಿ ಹೇಳಿ.

ಅನುಭವದ ಮಾತೊಂದು. ಮೆರವಣಿಗೆ ನಡೆಯುತ್ತಿರುವಾಗ ಜಗಳ ಆಗುವುದು ಅಪರೂಪ. ನಿಂತಾಗ ಆಗುತ್ತದೆ. ಒಂದು ತಿರುವಿನಲ್ಲಿ, ಒಬ್ಬರ ಮನೆಯ ಮುಂದೆ, ಒಂದು ಪ್ರಾರ್ಥನೆಯ ಜಾಗದ ಎದುರು ಗಾಡಿ ನಿಲ್ಲಿಸಿ ತಮಟೆ ಜೋರು ಮಾಡಿದರೆ ಐದು ನಿಮಿಷದಲ್ಲಿ ವಾತಾವರಣ ಬದಲಾಗುತ್ತದೆ. ಎಲ್ಲೆಲ್ಲಿ ನಿಲ್ಲುವಂತಿಲ್ಲ ಎಂದು ಹುಡುಗರೇ ಗುರುತು ಹಾಕಲಿ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಬೆಳಕಿರುವಾಗಲೇ ಗಣಪತಿ ಬಿಟ್ಟುಬಿಡುವ ಊರಿನಲ್ಲಿ ನಮಗೆ ಕೆಲಸವೇ ಇರುತ್ತಿರಲಿಲ್ಲ.

ಅರಿವು ಕೇಂದ್ರದ ಅಕ್ಕ (18 ದಿನಗಳ ನಂತರ)

ಎಲ್ಲರಿಗೂ ನಡೆದದ್ದನ್ನು ಹೇಳಬೇಕು.

ಮೊದಲು ಕಾಲೊನಿಗೆ ಹೋದೆ. ಅವರ ಮಾತು ಕೇಳಿದೆ. ಆಮೇಲೆ ಮೇಲಿನ ಬೀದಿಗೆ ಹೋದೆ. ಭಾನುವಾರ ನಾಲ್ಕು ಗಂಟೆಗೆ ಗ್ರಂಥಾಲಯದಲ್ಲಿ ಚಾಪೆ ಹಾಸಿದೆ. ಹನ್ನೊಂದು ಜನ ಬಂದರು, ಎರಡು ಕಡೆಯಿಂದ ನಾಲ್ಕು ನಾಲ್ಕು ಹುಡುಗರು, ಮೂವರು ಹುಡುಗಿಯರು. ಕೈಯಿಂದ ಕೈಗೆ ಕೊಡಲು ಕಣ್ಣಿಗೆ ಬಿದ್ದದ್ದು ಪುಸ್ತಕಕ್ಕೆ ಒತ್ತುವ ತಾರೀಖಿನ ಮುದ್ರೆ. ಅದನ್ನೇ ಕೊಟ್ಟೆ. ಮೇಷ್ಟ್ರು ಹೇಳಿದಂತೆ ಮೊದಲ ಸುತ್ತಿನಲ್ಲಿ ಏಳು ಜನ ಮಾತನಾಡದೆ ದಾಟಿಸಿದರು. ಗಡಿಯಾರದ ಸದ್ದು ಕೇಳಿಸುತ್ತಿತ್ತು. ಇಬ್ಬರು ಎದ್ದು ಹೊರಟೇಹೋದರು. ನಾನು ತಡೆಯಲಿಲ್ಲ.

ಎರಡನೆಯ ಸುತ್ತಿನಲ್ಲಿ ಹುಬ್ಬಿಗೆ ಹೊಲಿಗೆ ಬಿದ್ದಿದ್ದ ಹುಡುಗ ಮುದ್ರೆಯ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸುತ್ತ ಹೇಳಿದ: ಫ್ಲೆಕ್ಸಿಗೆ 1,800 ರೂಪಾಯಿ ಆಗಿತ್ತು, ನಾಲ್ಕು ದಿನ ಕಬ್ಬು ಕಡಿದು ಕೊಟ್ಟ ಹಣ, ಹರಿದದ್ದಕ್ಕೆ ಅಷ್ಟು ಬೇಸರವಿರಲಿಲ್ಲ, ಗಾಳಿಗೇ ಹರಿದಿರಬಹುದು, ನಗುವ ಮುಖ ನೋಡಿದಾಗ ಮೈ ಉರಿಯಿತು. ಸ್ಟೇಟಸ್ ಹಾಕಿದ್ದ ಹುಡುಗನ ಕೈಗೆ ಮುದ್ರೆ ಬಂದಾಗ ಅವನು ಬಹಳ ಹೊತ್ತು ಹಿಡಿದುಕೊಂಡಿದ್ದ. ‘ಹಾಕುವಾಗ ನಿಮ್ಮ ನೆನಪೇ ಬರಲಿಲ್ಲ. ಅದೇ ತಪ್ಪು’ ಎಂದ. ಅಷ್ಟೇ ಅಂದದ್ದು.

ಆಮೇಲೆ ಮಾತನಾಡಿದವಳು ಬಿ.ಕಾಂ. ಓದುವ ಹುಡುಗಿ. ಆ ಸಂಜೆಯ ನಂತರ ಅವಳ ಅಪ್ಪ ಮಂಡ್ಯದ ಕಂಪ್ಯೂಟರ್ ತರಗತಿಗೆ ಹೋಗುವುದನ್ನು ಬಿಡಿಸಿದರಂತೆ. ಕಟ್ಟಿದ ಶುಲ್ಕವೂ ಹೋಯಿತು. ‘ನೀವು ಹೊಡೆದಾಡಿದಿರಿ, ರಾಜಿಯಾದಿರಿ. ನನ್ನ ತರಗತಿ ವಾಪಸ್ ಬರಲಿಲ್ಲ’ ಎಂದಳು. ಹುಡುಗರಿಗೆ ಇದು ಗೊತ್ತೇ ಇರಲಿಲ್ಲ. ಎರಡೂ ಬೀದಿಯವರು ಒಟ್ಟಿಗೆ ನೆಲ ನೋಡಿದ್ದು ಅದೇ ಮೊದಲು.

ರೈತ ಅಣ್ಣ ಹೇಳಿದಂತೆ ಸಂಗತಿ ಬರೆದರು. ಎರಡು ಹಾಳೆ ಆಯಿತು, ಮೂರು ಕಡೆ ‘ಒಪ್ಪಿಲ್ಲ’ ಎಂದಿದೆ. ಹಾಗೆಯೇ ಬಿಟ್ಟಿದ್ದೇವೆ. ಮುಂದಿನ ಭಾನುವಾರ ಕೆರೆಯ ಸೋಪಾನ, ಚೀಟಿ ಎತ್ತಿ. ಚರಂಡಿಯ ಚೀಟಿ ಡೇರಿ ಕಾರ್ಯದರ್ಶಿಯ ಮಗನಿಗೆ ಬಂತು. ಅವನು ಮಾಡಿದ. ಅವರಪ್ಪ ಸಂಜೆ ನನ್ನ ಬಳಿ ಬಂದು, ಗ್ರಂಥಾಲಯದಲ್ಲಿ ಪಂಚಾಯಿತಿ ನಡೆಸಲು ನಿನಗೆ ಯಾರು ಹೇಳಿದರು ಎಂದು ಗದರಿದರು. ಪಂಚಾಯಿತಿ ಅಧ್ಯಕ್ಷರು ನನ್ನ ಪರ ನಿಂತರು. ಮುಂದೇನೋ ಗೊತ್ತಿಲ್ಲ.

ಗಣಪತಿ ಎರಡೇ ಕೂರುತ್ತವೆ, ಒಂದಾಗಲಿ ಎಂದು ನಾನು ಕೇಳಲೂ ಇಲ್ಲ. ಕಾಲೊನಿಯದು ಮೂರು ಗಂಟೆಗೆ, ಮೇಲಿನ ಬೀದಿಯದು ಐದಕ್ಕೆ ಹೊರಡುತ್ತದೆ. ಒಬ್ಬರ ಮೆರವಣಿಗೆಗೆ ಇನ್ನೊಬ್ಬರ ಕಡೆಯ ನಾಲ್ವರು ಹಗ್ಗ ಹಿಡಿಯುತ್ತಾರೆ. ಡೇರಿಯ ಮುಂದೆ ಗಾಡಿ ನಿಲ್ಲುವಂತಿಲ್ಲ. ಇದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂದೆ ದಾರಿಯ ನಕ್ಷೆ ಬರೆದು ಅವರೇ ಗುರುತು ಹಾಕಿದರು. ಫ್ಲೆಕ್ಸ್ ಬದಲು ಪಂಚಾಯಿತಿ ಗೋಡೆಯಲ್ಲಿ 12 ಅಡಿಯ ಕಪ್ಪು ಹಲಗೆ ಬರೆಸಿ, ಎಲ್ಲ ಜಯಂತಿ, ಹಬ್ಬಗಳಿಗೂ ತಾರೀಖಿನ ಪ್ರಕಾರ ಜಾಗ ಕೊಡಬೇಕೆಂದು ಅರ್ಜಿ ಕೊಟ್ಟಿದ್ದಾರೆ.

ಆ ಗೈಡಿನ ಅಂಚಿನ ವಿಷಯ ನಾನು ಹೇಳಲಿಲ್ಲ. ಹೇಳುವುದು ನನ್ನ ಕೆಲಸವಲ್ಲ ಎನ್ನಿಸಿತು. ನಿನ್ನೆ ನೋಡಿದೆ, ಮುಂದಿನ ಅಧ್ಯಾಯದ ಅಂಚಿನಲ್ಲಿ ಹೊಸದೊಂದು ಪ್ರಶ್ನೆ ಬರೆದಿದೆ, ಇನ್ನೂ ಉತ್ತರ ಬಂದಿಲ್ಲ.

ಮುಖ್ಯ ಪೇದೆ ಸರ್ ಹೇಳಿದ ಹಾಗೆ ಪಿಡಿಒ ಪತ್ರ ಬರೆದರು, ಠಾಣೆಯವರು ಆರು ಜನಕ್ಕೆ ಒಪ್ಪಿದ್ದಾರೆ. ಇಬ್ಬರು ಹುಡುಗಿಯರು, ಕಾಲೊನಿಯಿಂದ ಇಬ್ಬರು, ಮೇಲಿನ ಬೀದಿಯಿಂದ ಇಬ್ಬರು. ಬುಧವಾರ 11 ಗಂಟೆಗೆ ಸಭೆ. ನಮ್ಮೂರಿನಿಂದ ಆ ಹೊತ್ತಿಗೆ ತಲುಪುವುದು 9.40ರ ಒಂದೇ ಬಸ್. ಏಳು ಟಿಕೆಟ್‌ನ ಚಿಲ್ಲರೆ ತೆಗೆದಿಟ್ಟಿದ್ದೇನೆ.